ಡೆಬಿಯನ್ 12: ಮರಿಯಾಡಿಬಿ ಪ್ಯಾಕೇಜ್ ಕಟ್ಟುವಾಗ ಕಂಪೈಲರ್ ಅರ್ಧಕ್ಕೇ ನಿಲ್ಲುತ್ತಿದೆ

ಮಂಡಿಲೆಕ್ಕ (ದಾವಣಗೆರೆ):
ಎಲ್ಲರಿಗೂ ನಮಸ್ಕಾರ. ಇಲ್ಲಿನ ಎಪಿಎಂಸಿ ಯಾರ್ಡಿನಲ್ಲಿರುವ ಮೆಕ್ಕೆಜೋಳದ ಮಂಡಿಯೊಂದರ ಲೆಕ್ಕದ ಸರ್ವರನ್ನು ನಾನು ನೋಡಿಕೊಳ್ಳುತ್ತೇನೆ. ಅದರಲ್ಲಿ ಡೆಬಿಯನ್ 12 (ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ) ಮತ್ತು ಅದರ ಜೊತೆಗೇ ಬರುವ ಡೇಟಾಬೇಸ್ ಮರಿಯಾಡಿಬಿ 10.11 ಇವೆ. ನಮಗೆ ಬೇಕಾದ ಸಣ್ಣದೊಂದು ಪ್ಯಾಚ್ (ಮೂಲ ಕೋಡಿನ ತಿದ್ದುಪಡಿ) ಸೇರಿಸಿಕೊಳ್ಳಲು, ಮೂಲ ಕೋಡ್ ತರಿಸುವ ಡೆಬ್-ಸೋರ್ಸ್ ಸಾಲನ್ನು ಸೇರಿಸಿ, ಬಿಲ್ಡ್-ಡೆಪ್ ಮೂಲಕ ಅವಲಂಬನೆಗಳನ್ನು ಹಾಕಿಕೊಂಡು, ಮಂಡಿ ಮುಚ್ಚಿದ ಮೇಲೆ ರಾತ್ರಿ ಅದೇ ಸರ್ವರಿನಲ್ಲಿ ಪ್ಯಾಕೇಜ್ ಕಟ್ಟುವ ಸಾಧನವಾದ ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್ ಓಡಿಸುತ್ತಿದ್ದೇನೆ. ಪ್ರತಿ ಸಲವೂ ಕಂಪೈಲರ್ (ಮೂಲ ಕೋಡನ್ನು ಯಂತ್ರಭಾಷೆಗೆ ಬದಲಿಸುವ ಸಾಧನ) ಬೇರೆ ಬೇರೆ ಕಡತದ ಬಳಿ 'ಕಿಲ್ಡ್' ಎಂದು ಹೇಳಿ ನಿಂತುಬಿಡುತ್ತದೆ. ರ್‍ಯಾಮ್ 4 ಜಿಬಿ, ಕೋರ್ 8. ಪ್ಯಾಚಿನಲ್ಲೇ ದೋಷವಿರಬಹುದೇ?

ಕೋಟೆಬಾಗಿಲು (ಚಿತ್ರದುರ್ಗ):
ಪ್ಯಾಚಿನ ತಪ್ಪಾಗಿದ್ದರೆ ಪ್ರತಿ ಸಲ ಒಂದೇ ಕಡತದಲ್ಲಿ, ಸಾಲಿನ ಸಂಖ್ಯೆಯೊಂದಿಗೆ ದೋಷ ಕಾಣಿಸಬೇಕಿತ್ತು. ಜಾಗ ಬದಲಾಗುತ್ತಿದೆ ಎಂದರೆ ಕಾರಣ ಮೆಮೊರಿಯೇ ಇರಬೇಕು. ವ್ಯವಸ್ಥೆಯ ತಿರುಳಾದ ಕರ್ನಲ್‌ನ ಲಾಗ್ ತೆರೆದು ನೋಡಿ, 'ಔಟ್ ಆಫ್ ಮೆಮೊರಿ' ಎಂಬ ಸಾಲು ಸಿಗುತ್ತದೆ. ನಾವು ಬೇರೆ ಹೇಳದಿದ್ದರೆ ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್ ಕೋರ್ ಎಷ್ಟಿವೆಯೋ ಅಷ್ಟು ಕಂಪೈಲರ್‌ಗಳನ್ನು ಒಟ್ಟಿಗೆ ಓಡಿಸುತ್ತದೆ. ಸಿ ಪ್ಲಸ್ ಪ್ಲಸ್‌ನ ದೊಡ್ಡ ಕಡತವೊಂದಕ್ಕೇ 1 ಜಿಬಿ ಬೇಕಾಗಬಹುದಾದ್ದರಿಂದ ಎಂಟು ಸೇರಿದರೆ ನಿಮ್ಮ 4 ಜಿಬಿ ಎಲ್ಲಿಗೂ ಸಾಲದು. ಡೆಬ್ ಬಿಲ್ಡ್ ಆಪ್ಷನ್ಸ್ ವೇರಿಯಬಲ್‌ನಲ್ಲಿ ಪ್ಯಾರಲಲ್ ಸಂಖ್ಯೆಯನ್ನು 2ಕ್ಕೆ ಇಳಿಸಿ, ರ್‍ಯಾಮ್ ಸಾಲದಾಗ ಡಿಸ್ಕನ್ನು ಬಳಸುವ 4 ಜಿಬಿಯ ಸ್ವಾಪ್ ಕಡತವೊಂದನ್ನೂ ಮಾಡಿಕೊಳ್ಳಿ.

ನನಗೆ ನಿಜಕ್ಕೂ ಗಾಬರಿಯಾದದ್ದು 'ಅದೇ ಸರ್ವರಿನಲ್ಲಿ' ಎಂಬ ಮಾತು. ಮೆಮೊರಿ ಮುಗಿದಾಗ ಕರ್ನಲ್ ಹೆಚ್ಚು ಜಾಗ ಹಿಡಿದಿರುವ ಪ್ರಕ್ರಿಯೆಯನ್ನು ಹುಡುಕಿ ಕೊಲ್ಲುತ್ತದೆ. ಇಷ್ಟು ದಿನ ಅದು ಕಂಪೈಲರ್ ಆಗಿತ್ತು, ನಾಳೆ ಓಡುತ್ತಿರುವ ಡೇಟಾಬೇಸೇ ಆಗಬಹುದು. ದಯವಿಟ್ಟು ಬೇರೆ ಯಂತ್ರದಲ್ಲಿ ಡೆಬಿಯನ್ 12 ಹಾಕಿಕೊಂಡು ಅಲ್ಲಿ ಕಟ್ಟಿ.

ಮಂಡಿಲೆಕ್ಕ (ದಾವಣಗೆರೆ):
ಲಾಗ್‌ನಲ್ಲಿ ತಾವು ಹೇಳಿದ ಸಾಲೇ ಇತ್ತು, ಧನ್ಯವಾದಗಳು. ಮನೆಯ ಹಳೆಯ ಡೆಸ್ಕ್‌ಟಾಪಿನಲ್ಲಿ ಒಮ್ಮೆಗೆ ಎರಡು ಕಂಪೈಲರ್‌ಗಳಂತೆ ಓಡಿಸಿದೆ, ನಿಲ್ಲದೆ ಸಾಗಿತ್ತು; ಮುಕ್ಕಾಲು ಭಾಗ ಮುಗಿಯುವಷ್ಟರಲ್ಲಿ ಕರೆಂಟ್ ಹೋಯಿತು. ಮತ್ತೆ ಮೊದಲಿನಿಂದಲೇ ಕಟ್ಟಬೇಕೇ?

ತುಂಗಭದ್ರೆ (ಹರಿಹರ):
ಬೇಕಿಲ್ಲ. ಹಾಗೇ ಓಡಿಸಿದರೆ ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್ ಮೊದಲು ಹಳೆಯದನ್ನೆಲ್ಲ ಅಳಿಸುತ್ತದೆ, ಆದ್ದರಿಂದ 'ಎನ್‌ಸಿ' ಆಯ್ಕೆ ಕೊಡಿ. ಅದಕ್ಕೂ ಮುಂಚೆ, ಕರೆಂಟ್ ಹೋದ ಗಳಿಗೆಯಲ್ಲಿ ಬರೆಯುತ್ತಿದ್ದ ಆಬ್ಜೆಕ್ಟ್ ಕಡತಗಳನ್ನು (ಕಂಪೈಲರ್ ಹೊರಡಿಸುವ ಕಡತಗಳು) ಸಮಯ ನೋಡಿ ಅಳಿಸಿಬಿಡಿ. ಅರ್ಧ ಬರೆದ ಕಡತವನ್ನೂ, ಯಾವುದನ್ನು ಮತ್ತೆ ಕಟ್ಟಬೇಕೆಂದು ನಿರ್ಧರಿಸುವ 'ಮೇಕ್' ಸಾಧನ ಮುಗಿದದ್ದೆಂದೇ ತಿಳಿಯುತ್ತದೆ. ಪರೀಕ್ಷೆಗಳನ್ನು ಈಗ 'ನೋಚೆಕ್' ಎಂದು ಬಿಟ್ಟರೂ, ಹಣದ ಲೆಕ್ಕವಿರುವ ಸರ್ವರಿಗೆ ಹಾಕುವ ಮುನ್ನ ಮರಿಯಾಡಿಬಿ-ಟೆಸ್ಟ್ ಪ್ಯಾಕೇಜಿನಿಂದ ಒಮ್ಮೆ ಓಡಿಸಲೇಬೇಕು.

ಇನ್ನೊಂದು ಮಾತು. ಆವೃತ್ತಿಯ ಟಿಪ್ಪಣಿ ಬರೆಯುವ ಡಿಸಿಎಚ್ ಸಾಧನದ 'ಲೋಕಲ್' ಆಯ್ಕೆಯಿಂದ ಆವೃತ್ತಿಗೆ ನಿಮ್ಮದೇ ಬಾಲ ಸೇರಿಸಿ. ಆದರೂ ಮುಂದೆ ಡೆಬಿಯನ್‌ನಿಂದ ಭದ್ರತಾ ಅಪ್‌ಡೇಟ್ ಬಂದಾಗ ಅದರ ಆವೃತ್ತಿ ದೊಡ್ಡದಾಗಿರುವುದರಿಂದ ನಿಮ್ಮ ಪ್ಯಾಚ್ ಸದ್ದಿಲ್ಲದೆ ಹೋಗಿಬಿಡುತ್ತದೆ. ಆಪ್ಟ್-ಮಾರ್ಕ್‌ನಿಂದ ಹೋಲ್ಡ್ ಮಾಡಿದರೆ (ಅಪ್‌ಡೇಟ್ ಆಗದಂತೆ ತಡೆದರೆ) ಪ್ಯಾಚ್ ಉಳಿಯುತ್ತದೆ, ಭದ್ರತಾ ಅಪ್‌ಡೇಟ್ ನಿಲ್ಲುತ್ತದೆ. ಹೋಲ್ಡ್ ಮಾಡುವುದಾದರೆ ಪ್ರತಿ ಅಪ್‌ಡೇಟಿಗೂ ನೀವೇ ಮತ್ತೆ ಕಟ್ಟಬೇಕಾಗುತ್ತದೆ ಎಂಬುದನ್ನು ಮಂಡಿಯ ಯಜಮಾನರಿಗೆ ಈಗಲೇ ತಿಳಿಸಿಬಿಡಿ.