ಆರ್ಕಿಡ್ ಟಿಶ್ಯೂ ಕಲ್ಚರ್‌ಗೆ ಮಾಮೂಲಿ ಗೊಬ್ಬರ ಸಾಕಾ?

ಪ್ರಶ್ನೆ: ಡೆಂಡ್ರೋಬಿಯಂ (ಒಂದು ಬಗೆಯ ಆರ್ಕಿಡ್) ಬೀಜ ಬಾಟಲಿಯಲ್ಲಿ ಮೊಳೆತು ಹಸಿರು ಗುಂಡುಗಳಾಗಿವೆ. ಎಂಎಸ್ ಮೀಡಿಯಾ (ಟಿಶ್ಯೂ ಕಲ್ಚರ್‌ಗೆ ಬಳಸುವ ಪೋಷಕಾಂಶಗಳ ಮಿಶ್ರಣ) ಬದಲು ನೀರಲ್ಲಿ ಕರಗುವ 20-20-20 (ಸಾರಜನಕ, ರಂಜಕ, ಪೊಟ್ಯಾಶ್ ಸಮಪಾಲು) ಗೊಬ್ಬರ ಹಾಕಬಹುದಾ? ಬಾಳೆಹಣ್ಣು ಸೇರಿಸಿದ ಬಾಟಲಿಗಳಲ್ಲಿ ಅಗರ್ (ಮೀಡಿಯಾ ಗಟ್ಟಿ ಮಾಡಲು ಹಾಕುವ ಪುಡಿ) ಗಟ್ಟಿಯಾಗಲೇ ಇಲ್ಲ, ತುಂಬಾ ಬೇಜಾರಾಯಿತು.

ಉತ್ತರ 1: ಹಾಕಬಹುದು. ನಾನು ಲೀಟರ್‌ಗೆ 2 ಗ್ರಾಂ ಗೊಬ್ಬರ, 20 ಗ್ರಾಂ ಸಕ್ಕರೆ, 7 ಗ್ರಾಂ ಅಗರ್, 100 ಮಿಲಿ ಎಳನೀರು ಹಾಕುತ್ತೇನೆ. ಯೂರಿಯಾ ಕಮ್ಮಿ ಇರುವ ಗೊಬ್ಬರ ಆರಿಸಿ. ಸಕ್ಕರೆ ಮಾತ್ರ ಬಿಡಬೇಡಿ.

ಉತ್ತರ 2: ಬಾಳೆಹಣ್ಣು ಹುಳಿ ಅಲ್ವಾ, ಅದರಿಂದ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) ಇಳಿದು, ಬಾಟಲಿಗಳನ್ನು ಕ್ರಿಮಿಮುಕ್ತ ಮಾಡುವ ಕುಕ್ಕರ್‌ನ ಬಿಸಿಗೆ ಅಗರ್ ಹಿಡಿತ ಕಳೆದುಕೊಳ್ಳುತ್ತದೆ. ಹಣ್ಣು ಬೆರೆಸಿದ ಮೇಲೆ ಪಿಎಚ್ 5.5ಕ್ಕೆ ತನ್ನಿ. ಗುಂಡುಗಳಿಗೆ ಈಗಲೇ ಬಾಳೆ ಬೇಡ, ಎಲೆ ಬೇರು ಬಂದ ಮೇಲೆ ಕೊಡಿ.

ಪ್ರಶ್ನೆ ಕೇಳಿದವರು: ಅಯ್ಯೋ, ನಾನು ಹಣ್ಣು ಹಾಕುವ ಮುಂಚೆ ಪಿಎಚ್ ನೋಡಿದ್ದೆ! ನಾಳೆಯೇ ಹೊಸದಾಗಿ ಮಾಡುತ್ತೇನೆ.