ಸಹಾಯ ಬೇಕು: ಕೀನ್ಯಾದಲ್ಲಿ ಮಗಳನ್ನು ಶಿಶುವಿಹಾರಕ್ಕೆ ಯಾವಾಗ ಸೇರಿಸಬೇಕು?

ಎಲ್ಲರಿಗೂ ನಮಸ್ಕಾರ. ನಾವು ಗಂಗಾವತಿಯವರು. ಬರುವ ಜೂನ್‌ನಿಂದ ಆರು ತಿಂಗಳು ಕೀನ್ಯಾದ ಕಿಸುಮು ನಗರದ ಸಮೀಪದ ಶಿಶುವಿಹಾರವೊಂದರಲ್ಲಿ ಸ್ವಯಂಸೇವೆ ಮಾಡಲು ನಾನೂ ನನ್ನ ಯಜಮಾನರೂ ಒಪ್ಪಿಕೊಂಡಿದ್ದು, 4 ವರ್ಷದ ಮಗಳನ್ನೂ 2 ವರ್ಷದ ಮಗನನ್ನೂ ಜೊತೆಗೇ ಕರೆದೊಯ್ಯುತ್ತಿದ್ದೇವೆ.

ಆರೋಗ್ಯದ ಸಿದ್ಧತೆ ಬಹುತೇಕ ಮುಗಿದಿದೆ. ಮರಳಿ ಭಾರತಕ್ಕೆ ಬರುವಾಗ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ತೋರಿಸಬೇಕಾಗುತ್ತದೆ ಮತ್ತು ಅದು ಲಸಿಕೆ ಪಡೆದ 10 ದಿನಗಳ ನಂತರವೇ ಊರ್ಜಿತವಾಗುತ್ತದೆ ಎಂದು ತಿಳಿದು, ನಾಲ್ವರೂ ಬೆಂಗಳೂರಿಗೆ ಹೋಗಿ ಮೊದಲೇ ಹಾಕಿಸಿಕೊಂಡೆವು. ಮಲೇರಿಯಾ ತಡೆಯುವ ಔಷಧಿಯನ್ನು ಮಕ್ಕಳ ತೂಕ ನೋಡಿ ವೈದ್ಯರು ಬರೆದುಕೊಟ್ಟಿದ್ದಾರೆ. ಊಟದ ಚಿಂತೆ ಅಷ್ಟಿಲ್ಲ. ಅಲ್ಲಿಯ ಮೆಕ್ಕೆಜೋಳದ ಉಗಾಲಿ ನಮ್ಮ ಸಂಗಟಿಯ ತಮ್ಮನಂತಿದೆ.

ತೊಡಕಿರುವುದು ಮಗಳ ವಿಷಯದಲ್ಲಿ. ಅಲ್ಲಿ ಹೆಚ್ಚಿನವರ ಮನೆಮಾತು ಲುವೊ, ಜೊತೆಗೆ ಸ್ವಾಹಿಲಿ ಮತ್ತು ಇಂಗ್ಲಿಷ್. ಇವಳಿಗೆ ಕನ್ನಡವೊಂದೇ ಗೊತ್ತು. ಸ್ವಾಹಿಲಿಯ ‘ಜಾಂಬೊ’ (ನಮಸ್ಕಾರ), ‘ಅಸಾಂತೆ’ (ಧನ್ಯವಾದ) ಎಂದು ಕಲಿಸಿದ್ದನ್ನು ಬೆಕ್ಕಿನ ಮುಂದೆ ಚೆನ್ನಾಗಿ ಹೇಳುವವಳು, ಅಲ್ಲಿಯ ಶಿಕ್ಷಕಿ ವಿಡಿಯೊ ಕರೆಯಲ್ಲಿ ಮಾತನಾಡಿಸಿದರೆ ನನ್ನ ಸೆರಗಿನೊಳಗೆ ಸೇರಿಕೊಳ್ಳುತ್ತಾಳೆ. ನನ್ನದೇ ತರಗತಿಯಲ್ಲಿ ಕೂರಿಸಿದರೆ, ನಾನು ಬೇರೆ ಮಕ್ಕಳನ್ನು ಎತ್ತಿಕೊಂಡಾಗ ಇವಳು ಹಟ ಹಿಡಿಯಬಹುದು. ಮನೆಯಲ್ಲೇ ಇರಿಸಿಕೊಂಡರೆ ಸಂಕೋಚ ಇನ್ನಷ್ಟು ಗಟ್ಟಿಯಾಗಬಹುದು. ನಮ್ಮ ಅತ್ತೆಯವರಂತೂ ಅವಳನ್ನು ಇಲ್ಲೇ ಬಿಟ್ಟುಹೋಗಿ ಎನ್ನುತ್ತಾರೆ, ಅದಕ್ಕೆ ನನ್ನ ಮನಸ್ಸು ಒಪ್ಪದು.

ಪುಟ್ಟ ಮಕ್ಕಳೊಂದಿಗೆ ಹೊರದೇಶದಲ್ಲಿ ಇದ್ದು ಬಂದವರು ದಯವಿಟ್ಟು ತಿಳಿಸಿ: ಮಗಳನ್ನು ಮೊದಲ ದಿನದಿಂದಲೇ ನನ್ನ ತರಗತಿಗೆ ಕರೆದೊಯ್ಯಬೇಕೇ, ಬೇರೆ ಶಿಕ್ಷಕಿಯ ಬಳಿ ಕೂರಿಸಬೇಕೇ ಅಥವಾ ಎರಡು ಮೂರು ವಾರ ತಂದೆಯೊಂದಿಗೆ ಮನೆಯಲ್ಲಿರಿಸಿ ನಂತರ ಸೇರಿಸಬೇಕೇ?