ಅಪ್‌ಡೇಟ್: ಕೊಂಬನ್ನು ಕಸಕ್ಕೆ ಹಾಕಿದೆ

ಏನು ಕೊಟ್ಟರೂ ಹತ್ತು ನಿಮಿಷದಲ್ಲಿ ಮುಗಿಸುವ ನನ್ನ ಲ್ಯಾಬ್ರಡಾರ್ ನಾಯಿಗೆ ಹೆಚ್ಚು ಹೊತ್ತು ಬಾಳುವ ನೈಸರ್ಗಿಕ ಅಗಿತದ ತಿನಿಸು ಯಾವುದು ಎಂದು ಮೂರು ವಾರದ ಹಿಂದೆ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ.

ತಿನಿಸಿನ ಮೇಲೆ ಹೆಬ್ಬೆರಳಿನ ಉಗುರನ್ನು ಒತ್ತಿ ನೋಡಿ, ಗುರುತೇ ಬೀಳದಿದ್ದರೆ ಕೊಡಬೇಡಿ ಎಂದು ಒಬ್ಬರು ಹೇಳಿದ್ದರು. ಅವನಿಗೆಂದು ತಂದಿದ್ದ ಜಿಂಕೆ ಕೊಂಬಿನ ಮೇಲೆ ಒತ್ತಿದೆ. ನೊಂದದ್ದು ನನ್ನ ಉಗುರು. ಪಶುವೈದ್ಯರೂ ಅದನ್ನೇ ಹೇಳಿದರು: ಕೊಂಬು, ಗೊರಸು, ದಪ್ಪ ಎಲುಬುಗಳನ್ನು ಕಡಿಯುವಾಗ ಮೇಲ್ದವಡೆಯ ದೊಡ್ಡ ಹಲ್ಲು ಸೀಳಿಹೋಗಬಹುದು. ಪುಣ್ಯಕ್ಕೆ ನಮ್ಮವನ ಹಲ್ಲುಗಳೆಲ್ಲ ನೆಟ್ಟಗಿವೆ. ಕೊಂಬು ತಿಂಗಳುಗಟ್ಟಲೆ ಬಾಳುತ್ತದೆ ಎಂಬುದನ್ನೇ ನಾನು ಗುಣವೆಂದುಕೊಂಡಿದ್ದೆ!

ಯಾಕ್ (ಹಿಮಾಲಯದ ಚಮರೀಮೃಗ) ಹಾಲಿನ ಗಟ್ಟಿ ಚೀಸ್ ಕೂಡ ಉಗುರಿಗೆ ಬಗ್ಗಲಿಲ್ಲ. ಹದ ಮಾಡದೆ ಒಣಗಿಸಿದ ಚರ್ಮದ ತುಂಡು ನೆನೆದು ಉಬ್ಬಿ ಗಂಟಲಿಗೆ ಸಿಕ್ಕಿಕೊಳ್ಳಬಹುದು ಎಂಬ ಭಯಕ್ಕೆ ಅದನ್ನೂ ಬಿಟ್ಟೆ. ಬೇಯಿಸಿದ ಎಲುಬಂತೂ ಚೂರಾಗಿ ಕರುಳನ್ನೇ ಚುಚ್ಚಬಲ್ಲದು.

ಕೊನೆಗೆ ಉಳಿದದ್ದು ಹೆಣೆದ ದಪ್ಪ ಬುಲ್ಲಿ ಸ್ಟಿಕ್, ಅಂದರೆ ಹೋರಿಯ ಒಣಗಿಸಿದ ಶಿಶ್ನ. ವಾಸನೆಯ ಬಗ್ಗೆ ಯಾರೂ ಎಚ್ಚರಿಸಲಿಲ್ಲ, ಅದಕ್ಕೆ ನಿಮ್ಮ ಮೇಲೆ ಸಣ್ಣ ಕೋಪವಿದೆ. ಆದರೆ ಒಂದು ಕಡ್ಡಿ ನಲವತ್ತು ನಿಮಿಷ ಬರುತ್ತದೆ. ಅಷ್ಟು ಹೊತ್ತೂ ನಾನು ಪಕ್ಕದಲ್ಲೇ ಕೂರುತ್ತೇನೆ. ಹೆಬ್ಬೆರಳಿನಷ್ಟು ಉಳಿದಾಗ ಬೇರೆ ತಿಂಡಿ ತೋರಿಸಿ ತುಂಡನ್ನು ತೆಗೆದುಕೊಳ್ಳುತ್ತೇನೆ. ಕಿತ್ತುಕೊಳ್ಳಲು ಹೋದ ಮೊದಲ ದಿನ ಅವನು ಅದನ್ನು ನುಂಗಲು ನೋಡಿದ್ದ. ಕ್ಯಾಲೊರಿ ಹೆಚ್ಚಿರುವುದರಿಂದ ವಾರಕ್ಕೆ ಎರಡೇ ಕಡ್ಡಿ, ಆ ರಾತ್ರಿ ಊಟ ಸ್ವಲ್ಪ ಕಡಿಮೆ. ಈ ಕಡಿತವನ್ನು ಅವನಿನ್ನೂ ಒಪ್ಪಿಲ್ಲ.